ಗೀರುಗಳ ಹಾಳೆ

ವಿಂಡ್‌ಹುಕ್, ಬೆಳಗಿನ ಆರು ಗಂಟೆ.
ಕೌಂಟರಿನ ಹಿಂದೆ ಕೌನಾಪಾವಾ ಮೂರು ಹಾಳೆ ಹರಡುತ್ತಾಳೆ
ಇಸ್ಪೀಟು ಹಂಚುವವಳ ಹಾಗೆ.
ಬಿಳಿಯದು ಬಾಡಿಗೆಯ ಜೊತೆಗೇ ಬರುತ್ತದೆ,
ಆದರೆ ಏನಾದರೂ ಆದರೆ ಮೊದಲ ನಲವತ್ತು ಸಾವಿರ ನಿಮ್ಮದು.
ಹಳದಿಗೆ ದಿನಕ್ಕೆ ಇನ್ನೂರು ಡಾಲರು, ನಿಮ್ಮ ಪಾಲು ಹನ್ನೆರಡಕ್ಕಿಳಿಯುತ್ತದೆ.
ನೀಲಿಗೆ ನಾನೂರೈವತ್ತು, ನಿಮ್ಮ ಪಾಲು ಸೊನ್ನೆ.
ಸೊನ್ನೆ ಅನ್ನುವಾಗ ಮೇಜಿನ ಮೇಲೆ ಬೆರಳಲ್ಲೊಂದು ಸುತ್ತು ಬರೆಯುತ್ತಾಳೆ.

ಆ ಸುತ್ತಿನೊಳಗೆ ಸಣ್ಣ ಅಕ್ಷರಗಳು ಕಾಲು ಮಡಚಿ ಕೂತಿವೆ:
ಟೈರು ಸೇರಿಲ್ಲ. ಗಾಜು ಸೇರಿಲ್ಲ. ಗಾಡಿಯ ಹೊಟ್ಟೆ ಸೇರಿಲ್ಲ.
ಮರಳುಗಾಳಿ ಬಣ್ಣ ಕೆರೆದುಕೊಂಡು ಹೋದರೆ ಇಲ್ಲ.
ಕತ್ತಲಾದ ಮೇಲೆ ಕುಡು ಅಡ್ಡ ಬಂದರೆ ಇಲ್ಲ.
ಕುಡು ಜಿಂಕೆಯ ದೊಡ್ಡಣ್ಣ, ಸುರುಳಿ ಕೊಂಬಿನವನು,
ಗಡಿಯಾರ ನೋಡಿ ರಸ್ತೆ ದಾಟುವವನಲ್ಲ.
ಇನ್ನು ಎದುರು ಯಾರೂ ಇಲ್ಲದೆ ಜಲ್ಲಿ ರಸ್ತೆಯಲ್ಲಿ
ನೀವಾಗಿಯೇ ಮಗುಚಿಕೊಂಡಿರೋ,
ಆ ಕಲಮು ಅಡ್ಡಗೋಡೆಯ ಮೇಲಿಟ್ಟ ದೀಪ.

ನನ್ನ ಕೆಲಸ ಅಂಗಳದಲ್ಲಿ.
ಗೆರ್ಸನ್ ಊಯಿಸೆಬ್ ಎಂದು ಅಂಗಿಯ ಮೇಲೆ ಹೊಲಿದಿದೆ.
ಕಾರಿನ ಚಿತ್ರವೊಂದು, ತೊಗಲು ಸುಲಿದು ಒಣಹಾಕಿದಂತೆ ನಾಲ್ಕೂ ಮಗ್ಗುಲು;
ಗೀರಿಗೆ ಗೆರೆ, ಗುಳಿಗೆ ಸುತ್ತು.
ಬರೆದ ಗಾಯಕ್ಕೆ ಯಾರೂ ದಂಡ ಕಟ್ಟಬೇಕಿಲ್ಲ.
ಬರೆಯದೆ ಉಳಿದದ್ದು ಕೊನೆಗೆ ಓಡಿಸಿದವರದ್ದು.

ಸೋಮವಾರ ಬಂದವಳು ಮೆಮೆ ಒಟಿಲಿ,
ಲೂಡೆರಿಟ್ಸ್‌ನ ಶಾಲೆಗೆ ಹೊಲಿದ ಸಮವಸ್ತ್ರ, ಹನ್ನೊಂದು ಗಂಟು.
ನೀಲಿ ಹಾಳೆಯನ್ನು ಕನ್ನಡಕ ತೆಗೆದು ಓದಿದಳು, ಹಾಕಿಕೊಂಡು ಓದಿದಳು.
ಮನ್ನಾ ಅಂತ ಬರೆದಿದ್ದೀರಿ. ಯಾರು ಯಾರಿಗೆ?
ಕಂಪನಿ ನಿಮಗೆ, ಅಂದಳು ಕೌನಾಪಾವಾ.
ನಾನಿನ್ನೂ ತಪ್ಪೇ ಮಾಡಿಲ್ಲವಲ್ಲ ಮಗಳೇ.
ಅದಕ್ಕೇ ಮೆಮೆ, ಈಗ ಅಗ್ಗ.
ನಕ್ಕಳು. ಬಿಳಿಯದಕ್ಕೇ ಸಹಿ ಹಾಕಿದಳು.
ಅವಳ ಕಾರ್ಡಿನಲ್ಲಿ ನಲವತ್ತು ಸಾವಿರ ಉಸಿರು ಹಿಡಿದು ನಿಂತಿತು.

ನಾಲ್ಕು ದಿನದ ಮೇಲೆ ಹಿಂದಿರುಗಿದಳು.
ಹಗಲಲ್ಲೇ ಓಡಿಸಿದ್ದಳು, ಗಾಳಿಯೆದ್ದಾಗ ಆವುಸ್‌ನಲ್ಲಿ ನಿಂತು ಕಾದಿದ್ದಳು,
ಮರ್ಯಾದೆಗೆಂದು ಬರುವ ದಾರಿಯಲ್ಲಿ ತೊಳೆಸಿಯೂ ತಂದಿದ್ದಳು.
ತೊಳೆದದ್ದಕ್ಕೇ ಕಂಡಿತು.
ಎಡಗಡೆಯ ಹಿಂಬಾಗಿಲ ಕೆಳಗೆ ಅರ್ಧ ನಿಂಬೆಹಣ್ಣಿನಷ್ಟು ಗುಳಿ,
ಗುಳಿಯ ತಳದಲ್ಲಿ ಒಂದಿಷ್ಟು ಹಸಿರು.
ನನ್ನ ಚಿತ್ರದಲ್ಲಿ ಅದಿಲ್ಲ.
ಅವಳ ಕೈಯ ಕಾರ್ಬನ್ ಪ್ರತಿಯಲ್ಲೂ ಇಲ್ಲ.

ಆ ಹಸಿರು ನನಗೆ ಗೊತ್ತು.
ನೀರಿನ ಟ್ಯಾಂಕಿನ ಕಬ್ಬಿಣದ ಕಾಲಿಗೆ
ಹೋದ ಕ್ರಿಸ್‌ಮಸ್ಸಿಗೆ ಬಳಿದವನು ನಾನೇ.
ಭಾನುವಾರ ಸಂಜೆ ಹಿಮ್ಮುಖ ತೆಗೆಯುವಾಗ ಟಪ್ ಎಂದದ್ದನ್ನು
ಬಕೆಟ್ಟು ಇರಬೇಕು ಅಂದುಕೊಂಡವನೂ ನಾನೇ.
ಅಂದುಕೊಂಡೆನೋ, ಅಂದುಕೊಳ್ಳಲು ಆರಿಸಿಕೊಂಡೆನೋ,
ಅದನ್ನು ಕೇಳುವ ಕಲಮು ಮೂರೂ ಹಾಳೆಯಲ್ಲಿಲ್ಲ.

ಯಾರೂ ಕುಂಬಳಕಾಯಿ ಕಳ್ಳ ಅನ್ನಲಿಲ್ಲ.
ಕೈ ತಾನಾಗಿ ಹೆಗಲಿಗೆ ಹೋಯಿತು.

ಮೆಮೆ ಮೊಣಕಾಲೂರಿ ಗುಳಿಯೊಳಗೆ ಹೆಬ್ಬೆರಳಿಟ್ಟಳು,
ಬಟ್ಟೆಯ ಗುಣ ನೋಡುವವಳಂತೆ.
ನನ್ನಿಂದಲೇ ಆಗಿರಬೇಕು, ಅಂದಳು. ಜಲ್ಲಿ ಸಿಡಿಯುತ್ತಿತ್ತು.
ಎಷ್ಟು?
ಆರು ಸಾವಿರ ಎಂದು ನಾಲಿಗೆಯ ತುದಿಗೆ ಬಂತು,
ದರಪಟ್ಟಿ ನನಗೆ ಬಾಯಿಪಾಠ.

ನನ್ನದು ಮೆಮೆ, ಅಂದೆ.
ಅರ್ಥವಾಗಲಿಲ್ಲ ಅವಳಿಗೆ. ಟ್ಯಾಂಕಿನ ಕಾಲು ತೋರಿಸಿದೆ.

ಕೌನಾಪಾವಾ ಬಹಳ ಹೊತ್ತು ಪೆನ್ನು ಕಚ್ಚಿದಳು.
ತಿಂಗಳಿಗೆ ಒಂದೂವರೆ ಸಾವಿರದಂತೆ, ನಾಲ್ಕು ಸಂಬಳ.
ದುಡಿಯುವವರಿಗೆ ನೀಲಿ ಹಾಳೆ ಇಲ್ಲ ಗೆರ್ಸನ್,
ಬಿಳಿಯದೂ ಇಲ್ಲ.

ಈಗ ಆ ಗುಳಿ ಚಿತ್ರದಲ್ಲಿದೆ, ದಪ್ಪ ಸುತ್ತು ಹಾಕಿದ್ದೇನೆ.
ಇಂದು ಬೆಳಿಗ್ಗೆ ಅದೇ ಗಾಡಿ ಒಯ್ದ ಹುಡುಗ ಕೇಳಿದ,
ಇದೇನಿದು ಹಸಿರು?
ಮುಟ್ಟಿ ನೋಡು, ಅಂದೆ. ನಿನ್ನದಲ್ಲ.