ನಾಲ್ಕು ಸೆಕೆಂಡು

ಮೊದಲು ಕೂಲರ್ ಬಂದ್ ಮಾಡಬೇಕು.
ಇದು ಯಾವ ವಕೀಲರೂ ಹೇಳಿಕೊಟ್ಟದ್ದಲ್ಲ, ನಾನೇ ಕಲಿತದ್ದು.
ಕಲಬುರಗಿ ಗಂಜಿನಾಗ ಮೇ ತಿಂಗಳು:
ಬಂದ್ ಮಾಡಿದ್ರ ಸಾವುಕಾರ್ರಿಗೆ ಸಿಟ್ಟು,
ಚಾಲೂ ಇಟ್ರ ಫೋನಿನಾಗ ಬರೇ ನೀರು ಸುರಿಯೋ ಸಪ್ಪಳ,
ಅದರ ಹಿಂದ ತೊಗರಿ ಒಡೆಯೋ ಮಷೀನು,
ಅದರ ಹಿಂದ, ಎಲ್ಲೋ, ಮನುಷ್ಯರು.

ಫೋನು ಮೇಜಿನ ನಟ್ಟನಡುವ.
ಅಡಿಗೆ ಒಂದು ಕರವಸ್ತ್ರ ಮಡಚಿ ಹಾಕಬೇಕು, ಇಲ್ಲಂದ್ರ
ಚನ್ನವೀರಪ್ಪ ಸಾವುಕಾರ್ರು ಮಾತಿಗೊಮ್ಮೆ ಮೇಜು ಗುದ್ದೋದು
ಗುಡುಗಿದಂಗ ಕೇಳ್ತದ.
ಕಪ್ಪು-ಬಸಿ ದೂರ.
ಆಮ್ಯಾಲ ಎಲ್ಲರಿಗೂ ಕೇಳೋಹಂಗ ಹೇಳಬೇಕು:
ಇವತ್ತು ತಾರೀಖು ಇಷ್ಟು, ಇಂತಿಂಥವರು ಕುಂತಾರ,
ರೆಕಾರ್ಡ್ ಚಾಲೂ ಅದ.

ಹೋದ ವರ್ಷ ಇದ್ಯಾವುದೂ ಹೇಳಿರಲಿಲ್ಲ.
ಫೋನು ನನ್ನ ಮಡಿಲಾಗಿತ್ತು, ವಹಿಯ ಕೆಳಗ.
ನನ್ನ ಕೈ ನಿಧಾನ, ಬನ್ಸಿಲಾಲ್ ಸೇಠರ ಮಾತು ಕುದುರಿ,
ತಪ್ಪಿದ್ದು ರಾತ್ರಿ ಕೇಳಿ ತಿದ್ಕೊಂಡ್ರಾಯ್ತು ಅಂತ.
ಕಾರಣ ಏನೇ ಇರಲಿ,
ಕೇಳದೆ ಮಾಡಿದ್ದಕ್ಕ ಬ್ಯಾರೆ ಹೆಸರಿಲ್ಲ.

ಅವತ್ತು ಜಗದೇವಿಯವರ ಪಾಲಿನ ವಿಷಯ.
ಗಂಡ ಹೋಗಿ ಏಳು ತಿಂಗಳು.
"ಹೊಸಾ ಮಷೀನು ಬರ್ತದ, ರೊಕ್ಕ ಹಾಕವರು ನಾವು,
ನಿಮ್ಮ ನಾಲ್ಕಾಣೆ ಎರಡಾಣೆ ಆದ್ರ ನಡೀತದಲ್ಲ?
ಒಪ್ಪಿಗೆ ಅದ ಅಲ್ಲೇನವ್ವಾ?"
ಮಕ್ಬೂಲ್ ಪಟೇಲರು ಕೆಮ್ಮಿದರು.
"ಬರ್ಕೊ, ಚಂದಮ್ಮ."
ಬರಕೊಂಡೆ: ಸರ್ವಾನುಮತದಿಂದ.
ದುಂಡನ ಅಕ್ಷರ. ಕೆಳಗ ನಾಲ್ಕು ಸಹಿ.
ಒಂದು ಸಹಿ ಗೆರಿ ಬಿಟ್ಟು ಕೆಳಗ ಇಳಿದಿತ್ತು.

ರಾತ್ರಿ ಕೇಳಿದೆ.
"ಅಲ್ಲೇನವ್ವಾ" ಆದ ಮ್ಯಾಲ
ಕೂಲರಿನ ಹನಿ. ಕುರ್ಚಿ ಕಿರ್ ಅಂದದ್ದು.
ಅಂಗಳದಾಗ ಹಮಾಲನೊಬ್ಬ ಚೀಲ ಎಣಿಸ್ತಿದ್ದ, ಹದಿನೇಳು, ಹದಿನೆಂಟು.
ಆಮ್ಯಾಲ ಪಟೇಲರ ಕೆಮ್ಮು.
ಮತ್ತ ಹಚ್ಚಿದೆ, ಗಡಿಯಾರ ನೋಡ್ಕೋತ:
ನಾಲ್ಕು ಸೆಕೆಂಡು.
ಹೂಂ ಇಲ್ಲ. ಊಹೂಂ ಸುದ್ದಾ ಇಲ್ಲ.
ಸುಮ್ಮನಿದ್ರ ಒಪ್ಪಿದಂಗ ಅಂತಿದ್ರು ಹಿರೇರು.
ಹಿರೇರ ಹತ್ರ ಫೋನಿರಲಿಲ್ಲ.

ಇಜೇರಿ ವಕೀಲರು ಹೆಡ್‌ಫೋನ್ ತೆಗೆದು ಮೇಜಿನ ಮ್ಯಾಲಿಟ್ಟರು.
"ಒಂದು ಚೂರೂ ಕತ್ತರಿಸಬ್ಯಾಡ. ವಾಟ್ಸಾಪಿನಾಗ ಯಾರಿಗೂ ಬಿಡಬ್ಯಾಡ.
ಹೊಸಾ ಫೋನು ತಗೊಂಡ್ರೂ ಹಳೇದು ಮಾರಬ್ಯಾಡ.
ಕೋರ್ಟು ತಗೋತದೋ ಬಿಡ್ತದೋ ಅದು ಮುಂದಿನ ಮಾತು,
ಅವರ ವಕೀಲ ಮಾತ್ರ ಮೊದಲು ನಿನ್ನನ್ನೇ ಹಿಡೀತಾನ:
ಯಾರನ್ನ ಕೇಳಿ ಮಾಡಿದಿ?"

ಆಮ್ಯಾಲ ಒಂದು ಪ್ರಮಾಣಪತ್ರ ಟೈಪಾಯ್ತು.
ಸದರಿ ಯಂತ್ರವು ನನ್ನ ಸ್ವಾಧೀನದಲ್ಲಿದ್ದು
ಸದರಿ ಅವಧಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತು.
ಯಂತ್ರದ ಆರೋಗ್ಯಕ್ಕ ಸಾಕ್ಷಿ ನಾನು.
ಅದೇ ಅವಧಿಯಾಗ ಅದೇ ಮೇಜಿಗೆ ಕುಂತು
ಸರ್ವಾನುಮತ ಅಂತ ಬರೆದ ಕೈಯಿ
ಸರಿಯಾಗಿ ಕೆಲಸ ಮಾಡ್ತಿತ್ತೇನು?
ಅದನ್ನ ತುಂಬಲಿಕ್ಕ ಆ ಕಾಗದದಾಗ ಜಾಗ ಇರಲಿಲ್ಲ.

ಕೇಸು ಆಗಲಿಲ್ಲ. ರಾಜಿ. ಮೂರಾಣೆ.
ಪ್ರಮಾಣಪತ್ರ ಸಹಿಯಿಲ್ಲದೆ ನನ್ನ ಟ್ರಂಕಿನಾಗದ,
ಹಳೇ ಫೋನು ಅದರ ಮ್ಯಾಲ.
ನನ್ನ ನೌಕರಿ ಹಂಗೇ ಉಳೀತು. ಅದು ಜಗದೇವಿಯವರ ಷರತ್ತು,
ವಹಿಯಾಗ ಬರೀಲಿಲ್ಲ.
ಸೇಠರು ಈಗ ನನ್ನ ಮುಂದ ಮಾರವಾಡಿ ಮಾತಾಡ್ತಾರ.
"ಬರ್ಕೊ" ಅಂತ ಯಾರೂ ಅನ್ನಂಗಿಲ್ಲ.

ಇವತ್ತು ಮತ್ತ ಮೀಟಿಂಗು. ಕೂಲರ್ ಬಂದ್.
ಕರವಸ್ತ್ರ, ಫೋನು, ತಾರೀಖು, ಹೆಸರು.
ರೆಕಾರ್ಡಿಗೆ ಒಪ್ಪಿಗೆ ಇದ್ದವರು ಬಾಯಿಬಿಟ್ಟು ಹೇಳ್ರಿ.
ಹೂಂ, ಅಂದ್ರು ಸಾವುಕಾರ್ರು, ಎಲೆ-ಅಡಿಕೆ ಒಂದು ಕಡೆ ಸರಿಸಿ.
ಹಾಂ, ಪಟೇಲರು.
ಸೇಠರು ತಲಿ ಆಡಿಸಿದರು.
ತಲಿ ಆಡಿಸಿದ್ದು ಇದಕ್ಕ ಕಾಣ್ಸಂಗಿಲ್ರಿ, ಅಂದೆ. ಹೂಂ ಅಂದ್ರು.

ಜಗದೇವಿಯವರು ಸೆರಗು ಸರಿ ಮಾಡ್ಕೊಂಡು
ಫೋನಿನ ಹತ್ರ ಬಗ್ಗಿದರು, ಬಾವಿ ಇಣುಕಿದಂಗ.
"ಇವತ್ತು ಏನೇನ್ ಅದ, ಮೊದಲು ಎಲ್ಲಾ ಓದು ಚಂದಮ್ಮ.
ಆಮ್ಯಾಲ ಹೇಳ್ತೀನಿ."

ಓದಲಿಕತ್ತೀನಿ.
ಬೆವರು ವಹಿಯ ಮ್ಯಾಲ ಬೀಳಲಿಕತ್ತದ.
ಕೂಲರ್ ಹಚ್ಚು ಅಂತ ಇನ್ನೂ ಯಾರೂ ಅಂದಿಲ್ಲ.