ಹೊಲಿಗೆ ಬಿಚ್ಚುವ ಪಾಠ

ಡೀನ್ ಥೋರಾ ಓಪ್ದಾಲ್ ತೀರಿಕೊಂಡ ಸುದ್ದಿ
ಕಾಲೇಜಿನ ಪತ್ರಿಕೆಯಲ್ಲಿ ನಾಲ್ಕು ಸಾಲು:
ಗೃಹವಿಜ್ಞಾನದ ಪ್ರಾಧ್ಯಾಪಕಿ, ಹತ್ತೊಂಬತ್ತು ವರ್ಷ.
ವಿದ್ಯಾರ್ಥಿನಿಯರ ಡೀನ್, ಹದಿನಾಲ್ಕು.
ಅವಿವಾಹಿತೆ.
ಆಕೆಯ ಕಾಗದ ಟೈಪು ಮಾಡುತ್ತಿದ್ದವಳು ನಾನು.
ಆ ಅಳತೆಯ ಅಂಗಿ ಆಕೆಗೆ ಬಿಗಿ.

ನಾರ್ತ್ ಡಕೋಟದಲ್ಲಿ, ಹಾಲಿನ ಬಾಟಲಿ ಒಡೆಯುವ ಚಳಿಯಲ್ಲಿ,
ಹೊಲದ ಮನೆಗಳಿಗೆ ಹೋಗಿ
ಹೆಂಗಸರ ಹೆಜ್ಜೆ ಎಣಿಸಿದಳು:
ಒಲೆಯಿಂದ ಬಾವಿಗೆ, ಬಾವಿಯಿಂದ ಕೋಳಿಗೂಡಿಗೆ,
ಮತ್ತೆ ಒಲೆಗೆ.
"ಈಕೆ ವರ್ಷಕ್ಕೊಮ್ಮೆ ನ್ಯೂಯಾರ್ಕಿನಷ್ಟು ದೂರ ನಡೆಯುತ್ತಾಳೆ,
ತಲುಪುವುದಿಲ್ಲ, ಅಷ್ಟೆ"
ಎಂದು ಮಂಡಳಿಯ ಗಂಡಸರಿಗೆ ಓದಿ ಹೇಳಿದಳಂತೆ.
ನಕ್ಕರು. ನಗು ಮುಗಿಯುವ ತನಕ ಕಾದು
ನೀರಿನ ಕೊಳವೆಗೆಷ್ಟು ಖರ್ಚೆಂದು ಓದಿದಳು.

ತರಗತಿಯಲ್ಲಿ ಮೊದಲ ವಾರ ಹೊಲಿಯುವುದಿಲ್ಲ,
ಬಿಚ್ಚುವುದೇ.
ನಾಲ್ಕಕ್ಕೊಂದು ಹೊಲಿಗೆ ಕತ್ತರಿಸು, ಹಿಂದಿನಿಂದ ದಾರ ಎಳೆ.
"ಬಟ್ಟೆಗೆ ಗೊತ್ತಾಗಬಾರದು."

ಅಭ್ಯಾಸದ ಮನೆ ಅಂತ ಒಂದಿತ್ತು.
ಅನಾಥಾಲಯದಿಂದ ಕೂಸೊಂದನ್ನು ವರ್ಷದ ಮಟ್ಟಿಗೆ ಕಡ ತರುತ್ತಿದ್ದರು.
ಆರು ಹುಡುಗಿಯರು, ವಾರಕ್ಕೊಬ್ಬ ತಾಯಿ, ಗೋಡೆಗೆ ತೂಕದ ಪಟ್ಟಿ.
ಹೆಸರೂ ಕಾಲೇಜಿನದೇ.
ಕೂಸು ವಾಪಸು ಹೋದ ರಾತ್ರಿ ಆಕೆ ಬರೆದದ್ದು:
ಇಪ್ಪತ್ತೆರಡು ಪೌಂಡು. ಆರು ಹಲ್ಲು.
ಯಾರು ಎತ್ತಿಕೊಂಡರೂ ಅಳುವುದಿಲ್ಲ.
ಕೊನೆಯ ಮಾತಿನ ಕೆಳಗೆ ಗೆರೆ, ಸೀಸದ ಮೊನೆ ಮುರಿಯುವಷ್ಟು.
ಮರುವರ್ಷ ಆಡಳಿತಕ್ಕೆ ಹೋದಳು.
ಬಡ್ತಿ ಎಂದರು ಜನ.

ಹುಡುಗಿಯರು ಆಕೆಗಿಟ್ಟ ಹೆಸರು: ಹತ್ತೂವರೆ.
ಹಾಸ್ಟೆಲಿನ ಬಾಗಿಲು, ಬೀಗದ ಕೈ ಗೊಂಚಲು,
ಯಾರು ಎಷ್ಟಕ್ಕೆ ಬಂದರೆಂಬ ದಪ್ಪ ಪುಸ್ತಕ.
ಹುಡುಗರಿಗೆ ಅಂಥ ಪುಸ್ತಕವಿರಲಿಲ್ಲ.
ಒಂದು ರಾತ್ರಿ ಎರಡು ಗಂಟೆಗೆ
ಬಿಸ್ಮಾರ್ಕಿನ ಬಸ್ಸಿಳಿದು ಗೋಡೆ ಹಿಡಿದು ಬಂದವಳ ಹೆಸರಿನ ಮುಂದೆ
ಹತ್ತು ಇಪ್ಪತ್ತೈದು ಎಂದಿತ್ತು, ಆಕೆಯದೇ ಅಕ್ಷರ.
ತಂದೆಗೆ ಹೋಗಬೇಕಿದ್ದ ಕಾಗದ
ನನ್ನಿಂದ ಟೈಪು ಮಾಡಿಸಲಿಲ್ಲ.
ನಾನೂ ಕೇಳಲಿಲ್ಲ.

ಅರವತ್ತೊಂಬತ್ತರ ವಸಂತ. ಮೆಟ್ಟಿಲ ತುಂಬ ಹುಡುಗಿಯರು,
ಪುಸ್ತಕ ಸುಡುತ್ತೇವೆ ಎಂದು ಬೆಂಕಿಪೊಟ್ಟಣ ಹಿಡಿದು.
ಆಕೆ ಹೊರಗೆ ಬಂದಳು, ಕನ್ನಡಕ ಏರಿಸಿ
ಮೇಲಿನ ಮೆಟ್ಟಿಲ ಮೇಲೆ ಕೂತಳು.
ಜೇಬಿನಿಂದ ಹೊಲಿಗೆ ಬಿಚ್ಚುವ ಕೊಕ್ಕೆ.
ಬೆನ್ನಿನ ದಾರಕ್ಕೆ ಹಾಕಿದಳು, ನಾಲ್ಕಕ್ಕೊಂದು,
ಅವಸರವಿಲ್ಲದೆ. ಘೋಷಣೆ ಒಂದೊಂದಾಗಿ ನಿಂತಿತು.
ಯಾರೋ ಒಬ್ಬಳು ಬಾಗಿ ದಾರದ ತುದಿ ಹಿಡಿದಳು.

ಖಾಲಿ ಹಾಳೆಗಳು ಅಡುಗೆಮನೆಯ ಲೆಕ್ಕಕ್ಕೆ ಹೋದವು.
ಬರೆದವು ಎಲ್ಲಿ ಹೋದವು, ನನ್ನನ್ನು ಕೇಳಬೇಡಿ.

ನನ್ನ ಮನೆಯ ಅಡುಗೆ ಕಟ್ಟೆ
ನನ್ನ ಮೊಣಕೈಗಿಂತ ಮೂರು ಅಂಗುಲ ಕೆಳಗಿದೆ.
ಟೇಪು ಹಿಡಿದು ಬಂದು ಗುರುತು ಹಾಕಿದವಳು ಆಕೆ.
ಈ ವಯಸ್ಸಿನಲ್ಲೂ ರೊಟ್ಟಿಯ ಹಿಟ್ಟು ನಾದುವಾಗ
ಬೆನ್ನು ನೋಯುವುದಿಲ್ಲ.