ಪಾಚಿಗೆ ಒಂದು ಸಾಲು

ತಾರ್ತು. ಮೂರೂವರೆಗೇ ಕತ್ತಲು.
ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಲೀಲೊ
ಹಳೆಯ ವೆಬ್‌ಪುಟಗಳ ಮುರಿದ ಕೊಂಡಿಗಳನ್ನು ಹೆಕ್ಕುತ್ತಾಳೆ,
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಬೆಳಿಗ್ಗೆ ಉರ್ಮಾಸ್ ಬಂದಿದ್ದ. ಬಿಳಿ ಕೋಲು ಗೋಡೆಗೊರಗಿಸಿ
ಸಸ್ಯಶಾಸ್ತ್ರದ ಪುಟ ತೆರೆದು ಕೇಳಿಸಿದ.
ಯಂತ್ರದ ದನಿ ಓದಿತು:
‘ಚಿತ್ರ. ಸೊನ್ನೆ ಸೊನ್ನೆ ನಾಲ್ಕು ಮೂರು.’
‘ಇದು ಯಾವ ಹೂವು?’ ಎಂದ. ನಗಲಿಲ್ಲ.

ಈಗ ಅವಳು ‘ಹಳದಿ ಹೂ’ ಎಂದು ಬರೆದು
ಅಳಿಸುತ್ತಾಳೆ.
ಹಳದಿ ಅವನ ಬೆರಳಿಗೆ ಸಿಗುವುದಿಲ್ಲ.
‘ಐದು ಎಸಳು, ಅಂಚು ಮುದುರಿದೆ,
ದಂಟಿನ ಮೇಲೆ ನವಿರು ರೋಮ,
ಹಿಡಿದ ಹೆಬ್ಬೆರಳ ಉಗುರಲ್ಲಿ ಮಣ್ಣು.’

ಉಳಿಸಿದಳು.
ನೋಡುವವರಿಗೆ ಪುಟ
ಮೊದಲಿದ್ದಂತೆಯೇ ಇದೆ.

ಇನ್ನು ಆರು ಸಾವಿರದ ಇನ್ನೂರು ಚಿತ್ರ.
ಮುಂದಿನದು ಪಾಚಿ.
ಬಹಳ ಹೊತ್ತು ಕರ್ಸರ್ ಮಿಟುಕಿತು.
ಕೋಟು ತೊಟ್ಟು ಹೊರಟಳು,
ಕಲ್ಲುಗೋಡೆಯ ಹಿಮ ಕೆರೆದು
ಮುಟ್ಟಿ ಬರಲು.